ಎಪ್ಪತ್ತರಿಂದ ಭಾಗಿಸಿ

ಚಾಮರಾಜಪೇಟೆ, ಉಮಾ ಟಾಕೀಸಿನ ಹಿಂದಿನ ಅಡ್ಡರಸ್ತೆಯಲ್ಲಿ
ನಮ್ಮ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್‌ಬುಕ್ಕು,
ವೈಕುಂಠ ಸಮಾರಾಧನೆಯ ಕಾರ್ಡು.
ಈ ಸಲ ಅಪರೂಪಕ್ಕೊಂದು ಕೈಪಿಡಿ:
‘ನಿವೃತ್ತರಿಗಾಗಿ ಪಾರಿಭಾಷಿಕ ಪದಗಳು’, ಅರವತ್ತನಾಲ್ಕು ಪುಟ,
ಯಾವುದೋ ನೌಕರರ ಸಂಘದ್ದು, ಸೋಮವಾರ ಬೆಳಿಗ್ಗೆ ಬೇಕಂತೆ.

ನಾನು ಕರಡು ತಿದ್ದುವವನು.
ಅರ್ಥ ನನ್ನ ಇಲಾಖೆಯಲ್ಲ.
ಒತ್ತು, ದೀರ್ಘ, ಅರ್ಕಾವೊತ್ತು, ಇಷ್ಟೇ.

ಮೂರನೆಯ ಪುಟದಲ್ಲೇ ಸಿಕ್ಕಿತು:
ನಿವೃತ್ತಿ ವೇದನ.
‘ತ’ ಇರಬೇಕಾದಲ್ಲಿ ‘ದ’ ಕೂತಿದೆ.
ಎತ್ತಿದ ಕೆಂಪು ಪೆನ್ನು ಗಾಳಿಯಲ್ಲೇ ನಿಂತು
ಒಂದು ಗುಟುಕು ಕಾಫಿಯಷ್ಟು ಹೊತ್ತು ಯೋಚಿಸಿತು.
ಆಮೇಲೆ ತಿದ್ದಿದೆ. ಹೊಟ್ಟೆಪಾಡು.

ಉಪದಾನ: ದುಡಿದದ್ದಕ್ಕೆ ಕೊನೆಗೊಮ್ಮೆ ಕೊಡುವ ಇಡಿಗಂಟು.
ನಮ್ಮ ಮಾಲೀಕರು ಸಂಪತ್ಕುಮಾರಯ್ಯನವರ ಬಾಯಲ್ಲಿ ಇದಕ್ಕೆ
‘ನೋಡೋಣ’ ಎಂದು ಹೆಸರು.
ಪರಿವರ್ತನೆ: ನಾಳೆಗಳಲ್ಲಿ ಒಂದು ಪಾಲನ್ನು ಮಾರಿ
ಇವತ್ತೇ ರೊಕ್ಕ ಎಣಿಸಿಕೊಳ್ಳುವುದು,
ಮಂಡಿಯ ಆಪರೇಷನ್ನು ನಾಳೆಯವರೆಗೆ ಕಾಯದಿದ್ದಾಗ.
ಅರ್ಹತಾದಾಯಕ ಸೇವೆ: ಲೆಕ್ಕಕ್ಕೆ ಹಿಡಿಯುವ ವರ್ಷಗಳು.

ಇಲ್ಲಿ ಬೆರಳು ಮಡಿಸಿದೆ.
ಐವತ್ತೆಂಟು ತುಂಬಿದಾಗ ನನ್ನವು ಮೂವತ್ತೊಂದು.
ಮೊದಲ ಇಪ್ಪತ್ತು ಓಚರಿನ ಮೇಲಿನ ಸಹಿ,
ಶನಿವಾರ ಸಂಜೆಯ ನೋಟು, ಪುಸ್ತಕದಲ್ಲಿ ಹೆಸರಿಲ್ಲ.
ಯಾರೋ ಇನ್ಸ್‌ಪೆಕ್ಟರು ಬಂದು ಟೀ ಕುಡಿಯದೆ ಹೋದ ಮೇಲೆ
ಉಳಿದ ಹನ್ನೊಂದು ಹುಟ್ಟಿದವು.

ಹನ್ನೊಂದು ಇಂಟು ಒಂಬತ್ತು ಸಾವಿರ.
ಎಪ್ಪತ್ತರಿಂದ ಭಾಗಿಸಿ.
ಸಾವಿರದ ನಾನೂರ ಹದಿನಾಲ್ಕು ರೂಪಾಯಿ, ಚಿಲ್ಲರೆ.
ಎಪ್ಪತ್ತೇ ಯಾಕೆ?
ರಿಚ್ಮಂಡ್ ಸರ್ಕಲ್ಲಿನ ಆಫೀಸಿನಲ್ಲಿ ಮೂರು ಕೌಂಟರಿಗೆ ಕೇಳಿದ್ದೆ.
‘ಸೂತ್ರ ಹಾಗಿದೆ ಅಂಕಲ್’ ಎಂದಳು ಒಬ್ಬ ಹುಡುಗಿ,
ಪಾಪ, ಪ್ರೀತಿಯಿಂದಲೇ.

‘ವರ್ಷಾಶನ’ ಎಂದು ನಾನು ಗಟ್ಟಿಯಾಗಿ ಓದಿದ್ದು
ಕಾಗುಣಿತಕ್ಕೆ.
ಬೈಂಡಿಂಗಿನ ಜೈತುನ್‌ಬಿಯ ಕೈ ಮಡಿಕೆಯ ಮೇಲೆ ನಿಂತಿತು.
‘ಅಶನ ಅಂದ್ರೆ ಅನ್ನ ಅಲ್ವಾ ಸಾರ್?’
ಅನ್ನವೇ. ಇದ್ದಬದ್ದ ಗಂಟನ್ನು ಕಂಪನಿಗೆ ಕೊಡುವುದು,
ಉಸಿರಿರುವ ತನಕ ಅವರು ನಮಗೆ ಇಷ್ಟಿಷ್ಟು ಬಡಿಸುವುದು.
‘ಓ, ತಸ್ತೀಕು! ನಮ್ಮ ತಾತನಿಗೆ ಬರ್ತಿತ್ತು, ದರ್ಗಾದ ದೀಪಕ್ಕೆ.’
ಹೂಂ. ಇಲ್ಲಿ ದೀಪವೂ ನಿನ್ನದೇ, ಎಣ್ಣೆಯೂ ನಿನ್ನದೇ.
ಬೇಗ ಆರಿದರೆ ಅವರಿಗೆ ಲಾಭ, ತಡವಾದರೆ ನಮಗೆ.

‘ಹಾಗಾದ್ರೆ ತಡ ಮಾಡೋಣ ಬಿಡಿ’
ಅಂದಳು, ಅಂದು ಇನ್ನೊಂದು ಫಾರಂ ಮಡಿಸಿದಳು.

ಗಂಡನ ಬಲ್ಬ್ ಫ್ಯಾಕ್ಟರಿಯ ಕುಟುಂಬ ಪಿಂಚಣಿ ಅವಳದು.
ಪ್ರತಿ ನವೆಂಬರಿಗೆ ಬ್ಯಾಂಕಿನಲ್ಲಿ ಹೆಬ್ಬೆರಳು ಇಡಬೇಕು.
ಕಾಗದ ಮಡಿಸಿ ಮಡಿಸಿ ಸವೆದ ಬೆರಳು,
ಗೆರೆಗಳೆಲ್ಲ ಯಾರ್ಯಾರದೋ ಪುಸ್ತಕಗಳ ಅಂಚಿಗೆ ಹೋಗಿವೆ.
ಮಷೀನು ಕೆಂಪು ದೀಪ ತೋರಿಸುತ್ತದೆ:
ಹೊಂದಿಕೆಯಾಗುತ್ತಿಲ್ಲ.
ಒರೆಸಿ, ಸೆರಗಿಗೆ ಉಜ್ಜಿ, ಮತ್ತೆ ಇಟ್ಟು
‘ಇದ್ದೀನಲ್ಲಪ್ಪಾ’ ಎಂದು ಮಷೀನಿಗೇ ಹೇಳಿದ್ದಳಂತೆ ಹೋದ ಸಲ.
ಹಿಂದಿದ್ದ ಸಾಲು ನಕ್ಕಿತಂತೆ. ಅವಳೂ.

ಪುಟ ಐವತ್ತೆರಡು. ಜೀವಿತ ಪ್ರಮಾಣಪತ್ರ:
‘ಪಿಂಚಣಿದಾರನು ಬದುಕಿದ್ದಾನೆ ಎಂಬುದಕ್ಕೆ ಪುರಾವೆ.’
ತಪ್ಪೇನಿಲ್ಲ. ಒತ್ತು ಸರಿ, ದೀರ್ಘ ಸರಿ.
ಆದರೂ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದೆ,
ಅಂಚಿನಲ್ಲಿ ಬರೆದೆ:
ಪಿಂಚಣಿದಾರಳು. ಬದುಕಿದ್ದಾಳೆ.

ಸಂಪತ್ಕುಮಾರಯ್ಯನವರು ಕೇಳಿದರೆ
ಮೂಲಪ್ರತಿಯಲ್ಲಿ ಹಾಗೇ ಇತ್ತು ಅನ್ನುತ್ತೇನೆ.